ನೀರು ದುಪ್ಪಟ್ಟು ಬಿಟ್ಟರೂ ಎಣ್ಣೆ ಮೂರೇ ಡಿಗ್ರಿ ಇಳಿಯಿತು, ಏಕೆ?

ತಾರಿಹಾಳದ ಮೋಲ್ಡಿಂಗ್ ಆಪರೇಟರ್:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರ ನಡೆಸುತ್ತೇನೆ. ಹೈಡ್ರಾಲಿಕ್ ಎಣ್ಣೆ 58 ಡಿಗ್ರಿಗೆ ಏರುತ್ತಿತ್ತು. ಕೊಳವೆಗಳಲ್ಲಿ ನೀರು ಹರಿಸಿ ಎಣ್ಣೆ ತಣಿಸುವ ಆಯಿಲ್ ಕೂಲರ್‌ಗೆ ನಿಮಿಷಕ್ಕೆ 30 ಲೀಟರ್ ನೀರು 30 ಡಿಗ್ರಿಯಲ್ಲಿ ಹೋಗಿ 40ರಲ್ಲಿ ಹೊರಬರುತ್ತಿತ್ತು. ವಾಲ್ವ್ ತೆರೆದು 60 ಲೀಟರ್ ಮಾಡಿದೆ. ಈಗ ನೀರು 35ಕ್ಕೇ ಹೊರಬರುತ್ತಿದೆ, ಎಣ್ಣೆ 55ಕ್ಕೆ ನಿಂತಿದೆ. ನೀರು ಶಾಖವನ್ನು ಎಳೆದುಕೊಳ್ಳುತ್ತಿಲ್ಲವೇ? ಮಾಲೀಕರು ದೊಡ್ಡ ಪಂಪ್ ಹಾಕಿಸಲು ಸಿದ್ಧರಿದ್ದಾರೆ.

ಗೋಕುಲ ರಸ್ತೆಯ ಫಿಟ್ಟರ್:
ನೀರು ಓಡಿಹೋದರೆ ಶಾಖ ಹೀರಲು ಅದಕ್ಕೆ ಸಮಯವೆಲ್ಲಿ? ವಾಲ್ವ್ ಮತ್ತೆ ಸಣ್ಣದು ಮಾಡಿ.

ಧಾರವಾಡದ ನಿವೃತ್ತ ಮೇಂಟೆನೆನ್ಸ್ ಮೇಲ್ವಿಚಾರಕ:
ಈ ‘ಸಮಯ ಸಾಲದು’ ಎಂಬ ಮಾತನ್ನು ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ಕೇಳಿದ್ದೇನೆ. ಅದನ್ನು ನಂಬಿ ವಾಲ್ವ್ ಮುಚ್ಚಬೇಡಿ. ಒಂದೊಂದು ಲೀಟರ್ ಹೊರುವ ಶಾಖ ಕಡಿಮೆಯಾಗಿದೆ, ನಿಜ; ಹೊರುವ ಲೀಟರ್‌ಗಳು ಎರಡು ಪಟ್ಟಾಗಿವೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೌಲ್ ಬೇಕು. 30 ಲೀಟರ್ 10 ಡಿಗ್ರಿ ಏರಲಿ, 60 ಲೀಟರ್ 5 ಡಿಗ್ರಿ ಏರಲಿ, ಲೆಕ್ಕ ಒಂದೇ: ನಿಮಿಷಕ್ಕೆ 1260 ಕಿಲೋಜೌಲ್, ಅಂದರೆ ಸೆಕೆಂಡಿಗೆ 21, ಅದೇ 21 ಕಿಲೋವ್ಯಾಟ್. ಯಂತ್ರ ಹುಟ್ಟಿಸುವ ಶಾಖವೇ ಅಷ್ಟು, ತಮ್ಮಾ. ನೀರು ಅದಕ್ಕಿಂತ ಹೆಚ್ಚು ಎಲ್ಲಿಂದ ತಂದೀತು? ಲಾಭವಾದದ್ದು ಬೇರೆ ಕಡೆ. ಕೂಲರ್ ಒಳಗೆ ನೀರಿನ ಸರಾಸರಿ ತಾಪ 35ರಿಂದ 32.5ಕ್ಕೆ ಇಳಿಯಿತು, ಅದರ ಬೆನ್ನಿಗೆ ಎಣ್ಣೆಯೂ ಇಳಿಯಿತು.

ಇನ್ನೆಷ್ಟೇ ನೀರು ಬಿಟ್ಟರೂ ಆ ಸರಾಸರಿ 30ಕ್ಕಿಂತ ಕೆಳಗೆ ಹೋಗದು. ವೇಗ ದುಪ್ಪಟ್ಟಾದರೆ ಕೊಳವೆಯ ಗೋಡೆಯಿಂದ ನೀರಿಗೆ ಶಾಖ ದಾಟುವುದು ಸುಮಾರು 1.7 ಪಟ್ಟು ಸಲೀಸಾಗುತ್ತದೆ. ಆದರೆ ದೊಡ್ಡ ಅಡ್ಡಿ ಇರುವುದು ಮಂದವಾದ ಎಣ್ಣೆಯ ಬದಿಯಲ್ಲಿ, ಅದನ್ನು ನೀರಿನ ಪಂಪ್ ಏನೂ ಮಾಡಲಾರದು. ಹರಿವು ಇನ್ನೊಮ್ಮೆ ಇಮ್ಮಡಿಸಿದರೆ ಒತ್ತಡದ ನಷ್ಟ ನಾಲ್ಕು ಪಟ್ಟಿನ ಹತ್ತಿರ, ಅದನ್ನು ತುಂಬಲು ಬೇಕಾದ ಶಕ್ತಿ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ದಯವಿಟ್ಟು ಆ ಪಂಪಿಗೆ ದುಡ್ಡು ಸುರಿಯಬೇಡಿ. ಬಿಸಿಯಾಗಿ ಬಂದ ನೀರನ್ನು ಗಾಳಿಯಲ್ಲಿ ತಣಿಸುವ ಕೂಲಿಂಗ್ ಟವರ್ ಸರಿಪಡಿಸಿ 30ರ ನೀರನ್ನು 27ಕ್ಕೆ ತಂದರೆ ಎಣ್ಣೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ನೀರು ಯಾವುದು, ಬೋರ್‌ವೆಲ್ಲಿನದೇ?

ತಾರಿಹಾಳದ ಮೋಲ್ಡಿಂಗ್ ಆಪರೇಟರ್:
ಹೌದು ಸರ್, ಬೋರ್‌ವೆಲ್ ನೀರೇ. ಪಾತ್ರೆಯಲ್ಲಿ ಕಾಸಿದರೆ ಬಿಳಿ ಪದರ ಕೂರುತ್ತದೆ.

ಧಾರವಾಡದ ನಿವೃತ್ತ ಮೇಂಟೆನೆನ್ಸ್ ಮೇಲ್ವಿಚಾರಕ:
ಹಾಗಾದರೆ ಮೊದಲು ಕೂಲರ್ ಮುಚ್ಚಳ ಬಿಚ್ಚಿ. ಅದೇ ಸುಣ್ಣ ಕೊಳವೆಗಳೊಳಗೂ ಕಟ್ಟಿರುತ್ತದೆ, ತಾಮ್ರದ ಮುಂದೆ ಅದರಲ್ಲಿ ಶಾಖ ಹರಿಯುವುದು ತೀರಾ ಕಡಿಮೆ. ನೈಲಾನ್ ಬ್ರಷ್ ಹಾಕಿ. ಉಳಿದದ್ದಕ್ಕೆ ಸುಣ್ಣ ಕರಗಿಸುವ ಸಲ್ಫಾಮಿಕ್ ಆಮ್ಲದ ತೆಳು ದ್ರಾವಣ ಸುತ್ತಿಸಿ, ಚೆನ್ನಾಗಿ ತೊಳೆಯಿರಿ. ಕಬ್ಬಿಣದ ಸರಳನ್ನು ಮಾತ್ರ ತೂರಿಸಬೇಡಿ, ಕೊಳವೆ ತೂತಾದರೆ ನೀರು ಎಣ್ಣೆಗೆ ಸೇರುತ್ತದೆ. ಶುಚಿ ಮಾಡಿದ ದಿನವೇ ನೀರು ಒಳಹೋಗುವಲ್ಲಿ, ಹೊರಬರುವಲ್ಲಿ ಒತ್ತಡ ಎಷ್ಟೆಂದು ಬರೆದಿಡಿ. ಅದೇ ಹರಿವಿನಲ್ಲಿ ಮುಂದೆ ವ್ಯತ್ಯಾಸ ಹೆಚ್ಚಿದರೆ ಪದರ ಮತ್ತೆ ಕಟ್ಟಿದೆ ಎಂದೇ ತಿಳಿಯಿರಿ.