ಗೊತ್ತಿಲ್ಲದ ಉಪನಗರಕ್ಕೆ ಮನೆ ಬದಲಾವಣೆ: ಯಾವ ಏರಿಯಾ ಸುರಕ್ಷಿತ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ಕೆಲಸದ ಸಲುವಾಗಿ ದೊಡ್ಡ ನಗರದ ಪಕ್ಕದ ಉಪನಗರವೊಂದಕ್ಕೆ ಹೋಗಬೇಕಾಗಿದೆ. ಮನೆಯಲ್ಲಿ ಹೆಂಡತಿ, ಒಂಬತ್ತು ವರ್ಷದ ಮಗಳು, ವಯಸ್ಸಾದ ಅಮ್ಮ. ಹೆಂಡತಿಗೆ ಆಗಾಗ ರಾತ್ರಿ ಪಾಳಿ ಇರುತ್ತೆ. ಅಲ್ಲಿ ಪರಿಚಯದವರು ಯಾರೂ ಇಲ್ಲ. ‘ರೈಲು ಹಳಿ ಆಚೆ ಮಾತ್ರ ಹೋಗಬೇಡಿ’ ಅಂತ ಒಬ್ಬರು, ‘ಎಲ್ಲಾ ಕಡೆ ಒಂದೇ’ ಅಂತ ಇನ್ನೊಬ್ಬರು. ಅಪರಾಧ ನಕ್ಷೆ ತೆಗೆದರೆ ಅರ್ಧ ಊರೇ ಕೆಂಪು. ಗೊತ್ತಿರುವವರು ದಯವಿಟ್ಟು ಹೇಳಿ.

* * *

ನಕ್ಷೆಯ ಬಣ್ಣ ನೋಡಿ ಹೆದರಬೇಡಿ ಸರ್, ಆ ಬಣ್ಣ ಎಲ್ಲಿಂದ ಬಂತು ನೋಡಿ. ಸಾಮಾನ್ಯವಾಗಿ ಅಪರಾಧಗಳ ಸಂಖ್ಯೆಯನ್ನು ಅಲ್ಲಿ ವಾಸ ಇರುವವರ ಸಂಖ್ಯೆಯಿಂದ ಭಾಗಿಸಿರುತ್ತಾರೆ. ರೈಲು ನಿಲ್ದಾಣ, ಮಾಲ್ ಇರುವ ಕಡೆ ವಾಸ ಇರುವವರು 2,000, ದಿನಾ ಬಂದು ಹೋಗುವವರು 20,000 ಅಂತಿಟ್ಟುಕೊಳ್ಳಿ. ವರ್ಷಕ್ಕೆ 60 ಕಳ್ಳತನ ಆದರೆ ಸಾವಿರಕ್ಕೆ 30 ಅಂತ ಲೆಕ್ಕ ಬರುತ್ತೆ, ನಕ್ಷೆ ಕಡುಗೆಂಪಾಗುತ್ತೆ. ಅದರಲ್ಲಿ ಬಹುಪಾಲು ಅಂಗಡಿ ಒಳಗೆ, ಪಾರ್ಕಿಂಗ್ ಜಾಗದಲ್ಲಿ ಆಗಿರಬಹುದು. ಹಿಂದಿನ ಬೀದಿಯಲ್ಲಿ ಒಂದು ಮನೆಗಳವೂ ಆಗಿರದೇ ಇರಬಹುದು.

ಒಟ್ಟು ಸಂಖ್ಯೆ ಬಿಟ್ಟು ಮೂರನ್ನು ಬೇರೆಬೇರೆ ತೆಗೆದು ನೋಡಿ: ಮನೆಗಳವು, ವಾಹನ ಕಳವು, ದಾರಿಯಲ್ಲಿ ಅಡ್ಡಗಟ್ಟಿ ಕಿತ್ತುಕೊಂಡದ್ದು. ಮನೆಗಳವನ್ನು ಮನೆಗಳ ಸಂಖ್ಯೆಯಿಂದಲೇ ಭಾಗಿಸಿ. ಎರಡು ಏರಿಯಾ ಹೋಲಿಸಲು ವಾಹನ ಕಳವಿನ ಅಂಕಿ ಹೆಚ್ಚು ನಂಬಬಹುದು, ವಿಮೆ ಹಣ ಕೇಳಬೇಕಾದರೆ ದೂರು ಕೊಟ್ಟಿರಲೇಬೇಕಲ್ಲ. ಕಿರುಕುಳ, ಬೆದರಿಕೆ, ಹೊಡೆದಾಟ ಎಷ್ಟೋ ಸಲ ಠಾಣೆವರೆಗೆ ಹೋಗುವುದೇ ಇಲ್ಲ. ಹಾಗಾಗಿ ಅಲ್ಲಿ ಅಂಕಿ ಕಡಿಮೆ ಇದ್ದರೆ ನೆಮ್ಮದಿ ಅಂತಲೂ ಆಗಬಹುದು, ಜನ ಪೊಲೀಸರ ಹತ್ತಿರ ಹೋಗಲ್ಲ ಅಂತಲೂ ಆಗಬಹುದು.

ಒಂದೇ ವರ್ಷದ ಅಂಕಿ ಸಾಲದು. ಸಣ್ಣ ಬಡಾವಣೆಯಲ್ಲಿ 2 ಇದ್ದದ್ದು 4 ಆದರೆ ‘ನೂರು ಪರ್ಸೆಂಟ್ ಏರಿಕೆ’ ಅಂತ ಸುದ್ದಿಯಾಗುತ್ತೆ. ಮೂರರಿಂದ ಐದು ವರ್ಷದ್ದು ತೆಗೆದುಕೊಳ್ಳಿ. ನಕ್ಷೆಯ ಚುಕ್ಕಿಯನ್ನೂ ಮನೆ ಬಾಗಿಲು ಅಂದುಕೊಳ್ಳಬೇಡಿ. ದೂರು ಕೊಟ್ಟವರ ಗುರುತು ಸಿಗಬಾರದು ಅಂತ ಬ್ರಿಟನ್‌ನಂಥ ಕಡೆ ಚುಕ್ಕಿಯನ್ನು ಬೀದಿಯ ಮಧ್ಯಕ್ಕೋ ಹತ್ತಿರದ ಇನ್ನೊಂದು ಜಾಗಕ್ಕೋ ಸರಿಸಿ ಹಾಕುತ್ತಾರೆ.

‘ಹಳಿ ಆಚೆ’ ಅನ್ನುವ ಮಾತಿಗೆ ಬಂದರೆ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ವಿಂಗಡಿಸಿದ ಅಧ್ಯಯನವೊಂದು 1989ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕರೆಗಳು ಬಂದದ್ದು ಶೇ. 3ರಷ್ಟು ವಿಳಾಸಗಳಿಂದ. ಕೆಟ್ಟ ಹೆಸರಿನ ಏರಿಯಾದಲ್ಲೂ ಹೆಚ್ಚಿನ ಬೀದಿಗಳು ತಣ್ಣಗಿರುತ್ತವೆ, ಒಳ್ಳೆ ಹೆಸರಿನದರಲ್ಲೂ ಒಂದೆರಡು ಮೂಲೆ ಕೆಟ್ಟಿರುತ್ತವೆ. ಆರಿಸಬೇಕಾದ್ದು ಬೀದಿಯನ್ನು.

* * *

ಬೀದಿ ಆರಿಸಬೇಕು ಅಂದರೆ ನಡೆದೇ ನೋಡಬೇಕು, ಕಾರಲ್ಲಿ ಕೂತು ಸುತ್ತಿದರೆ ಏನೂ ಕಾಣಲ್ಲ. ಕೆಲಸದ ದಿನ ಬೆಳಿಗ್ಗೆ 8, ಮಧ್ಯಾಹ್ನ 2–3, ರಾತ್ರಿ 10, ಜೊತೆಗೆ ವಾರದ ಕೊನೆಯ ರಾತ್ರಿ 11ರ ಮೇಲೆ. ಮಧ್ಯಾಹ್ನದ್ದನ್ನು ಎಲ್ಲರೂ ಬಿಡುತ್ತಾರೆ. ಎಲ್ಲರೂ ಕೆಲಸಕ್ಕೆ ಹೋಗಿ ಬೀದಿ ಖಾಲಿಯಾಗುವುದು, ಮನೆ ಒಡೆಯುವವರಿಗೆ ಅನುಕೂಲವಾಗುವುದು ಆ ಹೊತ್ತೇ.

ಬೀದಿದೀಪ ಎಷ್ಟು ಪ್ರಖರ ಅನ್ನುವುದಕ್ಕಿಂತ ಬೆಳಕು ಒಂದೇ ಸಮ ಇದೆಯಾ ನೋಡಿ. ಕಣ್ಣು ಕುಕ್ಕುವ ಎರಡು ದೀಪದ ನಡುವೆ ಗಾಢ ಕತ್ತಲೆ ಇದ್ದರೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ನೀವು ಆ ಕತ್ತಲೆ ದಾಟಿರುತ್ತೀರಿ. ಎದುರಿಗೆ ಬರುವವರ ಮುಖ ಹತ್ತು–ಹದಿನೈದು ಮೀಟರ್ ದೂರದಿಂದ ಗುರುತು ಸಿಗಬೇಕು. ದೀಪ ಮರದ ಕೊಂಬೆ ಒಳಗೆ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ. ಚಳಿಗಾಲದಲ್ಲಿ ಎಲೆ ಉದುರಿದ್ದಾಗ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ.

ಗೋಡೆ ಮೇಲಿನ ಗೀಚು, ಮಾಸಿದ ಬಣ್ಣ, ಬೆಳೆದ ಹುಲ್ಲು ನೋಡಿ ತೀರ್ಪು ಕೊಡಬೇಡಿ. ಅದರಿಂದ ಮನೆಯವರ ಹತ್ತಿರ ದುಡ್ಡಿಲ್ಲ ಅಂತ ತಿಳಿಯುತ್ತೆ, ಅಪಾಯ ಇದೆ ಅಂತ ತಿಳಿಯಲ್ಲ. ನೋಡಬೇಕಾದ್ದು ರಸ್ತೆ ಅಂಚು. ಕಾರಿನ ಪಕ್ಕದ ಕಿಟಕಿ ಒಡೆದರೆ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗಿ ಬೀಳುತ್ತೆ. ಒಂದೇ ಬೀದಿಯಲ್ಲಿ ಮೂರ್ನಾಲ್ಕು ಕಡೆ ಅಂಥ ಚೂರು ಕಂಡರೆ ಅಲ್ಲಿ ಕಾರು ಒಡೆಯುವವರು ಬರುತ್ತಿದ್ದಾರೆ. ಸಾಲಾಗಿ ಎಲ್ಲ ಕಾರಿಗೂ ಸ್ಟಿಯರಿಂಗ್ ಲಾಕ್, ನೆಲಮಹಡಿ ಕಿಟಕಿಗಳಿಗೆ ಮಾತ್ರ ಹೊಸ ಗ್ರಿಲ್: ಇವೂ ಅಂಥವೇ. ಅಂಗಳದಲ್ಲಿ ಬೀಗ ಹಾಕದ ಮಕ್ಕಳ ಸೈಕಲ್ ರಾತ್ರಿ ಹಾಗೇ ಬಿದ್ದಿದ್ದರೆ ಅದಕ್ಕಿಂತ ಒಳ್ಳೆ ಗುರುತು ಬೇಡ.

* * *

ಎಲ್ಲರೂ ಕಳ್ಳರ ಬಗ್ಗೆಯೇ ಬರೆಯುತ್ತಿದ್ದೀರಿ. ಒಂಬತ್ತು ವರ್ಷದ ಮಗು ಇರುವ ಮನೆಗೆ ದಿನನಿತ್ಯದ ಅಪಾಯ ವಾಹನ. ಉಪನಗರಗಳಲ್ಲಿ ರಸ್ತೆ ಅಗಲ, ನೇರ, ಫುಟ್‌ಪಾತ್ ಅರ್ಧಕ್ಕೇ ನಿಂತಿರುತ್ತೆ. ವೇಗ ಅಳೆಯಲು ಉಪಕರಣ ಬೇಡ. ರಸ್ತೆ ಪಕ್ಕ 50 ಮೀಟರ್ ಅಳೆದು ಎರಡು ಕಂಬವನ್ನೋ ಗೇಟನ್ನೋ ಗುರುತು ಮಾಡಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. ಅಷ್ಟು ದೂರಕ್ಕೆ 6 ಸೆಕೆಂಡ್ ತೆಗೆದುಕೊಂಡರೆ ಗಂಟೆಗೆ 30 ಕಿ.ಮೀ., 3.6 ಸೆಕೆಂಡ್ ಆದರೆ 50 ಕಿ.ಮೀ. ಶಾಲೆ ಬಿಡುವ ಹೊತ್ತಲ್ಲಿ ಇಪ್ಪತ್ತು ಗಾಡಿ ಅಳೆಯಿರಿ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಹೋಗುವ ದೂರ ನಾಲ್ಕರಷ್ಟಾಗುತ್ತೆ, ಅದಕ್ಕೇ ಈ ವ್ಯತ್ಯಾಸ ಚಿಕ್ಕದಲ್ಲ. ಮುಖ್ಯರಸ್ತೆ ಜಾಮ್ ಆದಾಗ ಗಾಡಿಗಳೆಲ್ಲ ಒಳದಾರಿಯಾಗಿ ನಿಮ್ಮ ಬೀದಿಗೆ ನುಗ್ಗುತ್ತವಾ ಅಂತ ಸಂಜೆ ಹೋಗಿ ನೋಡಿ. ಅಮ್ಮನವರು ಸಿಗ್ನಲ್ ಹಸಿರಿರುವಾಗಲೇ ರಸ್ತೆ ದಾಟಿ ಮುಗಿಸಬಲ್ಲರಾ ಅಂತ ಅವರ ಜೊತೆಗೇ ನಡೆದು ನೋಡಿ.

* * *

ಗೇಟು, ಸೆಕ್ಯುರಿಟಿ ಇದೆ ಅಂತ ಹೆಚ್ಚು ಬಾಡಿಗೆ ಕೊಡುವ ಮುಂಚೆ ಗೇಟಿನ ಎದುರು ಅರ್ಧ ಗಂಟೆ ನಿಲ್ಲಿ. ಮುಂದಿನ ಕಾರಿನ ಬೆನ್ನಿಗೇ ಇನ್ನೊಂದು ಒಳಗೆ ಹೋಗುತ್ತಾ? ಡೆಲಿವರಿಯವರೆಲ್ಲ ಒಂದೇ ಕೋಡ್ ಒತ್ತುತ್ತಾರಾ? ಹಿಂಬದಿ ಗೋಡೆ ಎಷ್ಟೆತ್ತರ, ಅದರ ಆಚೆ ಏನಿದೆ? ಕೊನೆಮುಚ್ಚಿದ ರಸ್ತೆಯ ಮನೆಗಳಿಗೆ ಸಾಮಾನ್ಯವಾಗಿ ಕಳವು ಕಡಿಮೆ, ಹೊರಗಿನವರು ಬಂದರೆ ಎದ್ದು ಕಾಣುತ್ತಾರೆ. ಆದರೆ ಹಿಂದಿನಿಂದ ಕಾಲುದಾರಿ ಇದ್ದರೆ ಆ ಲಾಭ ಹೋಯಿತು.

ಒಮ್ಮೆ ಕಳವಾದ ಮನೆಗೆ, ಅದರ ಅಕ್ಕಪಕ್ಕದವಕ್ಕೆ, ಮುಂದಿನ ಕೆಲವು ವಾರ ಅಪಾಯ ಹೆಚ್ಚು ಅಂತ ಹಲವು ದೇಶಗಳಲ್ಲಿ ಕಂಡುಬಂದಿದೆ. ದಾರಿ ಗೊತ್ತಿರುವ ಕಳ್ಳ ಮತ್ತೆ ಬರುತ್ತಾನೆ. ‘ಇಲ್ಲಿ ಕಳವಾಗಿತ್ತಾ, ಯಾವಾಗ, ಯಾವ ಬಾಗಿಲಿಂದ, ಆಮೇಲೆ ಏನು ರಿಪೇರಿ ಮಾಡಿಸಿದಿರಿ’ ಅಂತ ಮಾಲೀಕರನ್ನು ನೇರವಾಗಿ ಕೇಳಿ.

* * *

‘ಈ ಏರಿಯಾ ಸೇಫಾ?’ ಅಂತ ಮಾತ್ರ ಯಾರನ್ನೂ ಕೇಳಬೇಡಿ ಅಣ್ಣಾ. ಮಾಲೀಕರು ಹೌದು ಅಂತಾರೆ, ಬ್ರೋಕರ್‌ಗೆ ಕಮಿಷನ್ ಬೇಕು, ಉಳಿದವರು ಇಪ್ಪತ್ತು ವರ್ಷದ ಹಳೇ ಹೆಸರನ್ನೇ ಹೇಳ್ತಾರೆ. ಮಾಡೋದೇನು ಅಂತ ಕೇಳಿ: ರಾತ್ರಿ ಗಾಡಿ ಹೊರಗೆ ನಿಲ್ಲಿಸ್ತೀರಾ? ಪಾರ್ಸೆಲ್ ಬಾಗಿಲಲ್ಲೇ ಇಟ್ಟು ಹೋಗ್ತಾರಾ? ಕತ್ತಲಾದ ಮೇಲೆ ಯಾವ ದಾರಿ ಬಿಟ್ಟು ಸುತ್ತಿ ಬರ್ತೀರಿ? ಕೊನೇ ಪ್ರಶ್ನೆಗೆ ಮೂವರು ಒಂದೇ ಜಾಗ ಹೇಳಿದರೆ ನಂಬಿ. ಬಾಡಿಗೆದಾರರನ್ನ, ಹೆಂಗಸರನ್ನ, ರಾತ್ರಿ ತೆರೆದಿರೋ ಔಷಧಿ ಅಂಗಡಿಯವರನ್ನ ಕೇಳಿ.

‘ಆ ಕಡೆ ಎಂಥೆಂಥಾ ಜನ ಇದ್ದಾರೋ’ ಅನ್ನೋ ಮಾತು ಬಂದರೆ, ಏನಾಯ್ತು, ಎಲ್ಲಾಯ್ತು, ಯಾವಾಗಾಯ್ತು ಅಂತ ತಿರುಗಿ ಕೇಳಿ. ಮೂರಕ್ಕೂ ಉತ್ತರ ಇಲ್ಲ ಅಂದರೆ ಅದು ಬರೀ ಪೂರ್ವಗ್ರಹ.

* * *

ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ದ ವಲಯ ಅಂದರೆ ಪ್ರತಿ ವರ್ಷವೂ ಶೇ. 1ರ ಸಾಧ್ಯತೆ. ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ಸುಮಾರು ಶೇ. 26 ಆಗುತ್ತೆ. ನೆಲಮಹಡಿ ಗೋಡೆಯಲ್ಲಿ ಒಂದೇ ಎತ್ತರಕ್ಕೆ ಗೆರೆ ಎಳೆದಂತೆ ಕಲೆ ಇದ್ದರೆ, ಕೆಳಗಿನ ಅರ್ಧಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ.

* * *

ಮೇಡಂ ರಾತ್ರಿ ಪಾಳಿ ಮುಗಿಸಿ ಬರುವ ದಾರಿಯನ್ನು ಅದೇ ಹೊತ್ತಿಗೆ, ಅದೇ ಬಸ್ಸು ಅಥವಾ ರೈಲಿನಲ್ಲಿ ಅವರ ಜೊತೆ ಬಂದು ನೋಡಿ. ಇಳಿದ ಜಾಗದಿಂದ ಬಾಗಿಲವರೆಗಿನ ಕೊನೆಯ ಕೆಲವು ನೂರು ಮೀಟರ್ ಮುಖ್ಯ. ರಸ್ತೆಯತ್ತ ಮುಖ ಮಾಡಿದ ಕಿಟಕಿಗಳು ಇವೆಯಾ, ಬರೀ ಕಾಂಪೌಂಡ್ ಗೋಡೆಯಾ? ಅಂಡರ್‌ಪಾಸ್ ಇದ್ದರೆ ಒಳಗೆ ಕಾಲಿಡುವ ಮುಂಚೆ ಆಚೆ ತುದಿ ಕಾಣುತ್ತಾ? ಮನೆ ಚೆನ್ನಾಗಿದ್ದು ಈ ದಾರಿ ಸರಿಯಿಲ್ಲದಿದ್ದರೆ ನನ್ನ ಪ್ರಕಾರ ಆ ಮನೆ ಬೇಡ, ಬಾಡಿಗೆ ಎಷ್ಟೇ ಕಡಿಮೆ ಇರಲಿ.

ಮೊದಲೇ ಕೊಂಡುಕೊಳ್ಳಬೇಡಿ. ಆರು ತಿಂಗಳಿಗೆ ಬಾಡಿಗೆ ಕರಾರು ಮಾಡಿ, ನಡುವೆ ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು ಅಂತ ಬರೆಸಿಕೊಳ್ಳಿ. ಸಾಮಾನು ಇಳಿಸಿದ ದಿನವೇ ಮಾಲೀಕರ ಒಪ್ಪಿಗೆ ಪಡೆದು ಬೀಗದ ಸಿಲಿಂಡರ್ ಬದಲಿಸಿ. ಹಳೇ ಕೀ ಎಷ್ಟು ಜನರ ಹತ್ತಿರ ಉಳಿದಿದೆ ಅಂತ ಮಾಲೀಕರಿಗೇ ಗೊತ್ತಿರಲ್ಲ.