ಕಂಪನಿ ಇನ್ಶೂರೆನ್ಸ್‌ನಲ್ಲಿ ಹೆರಿಗೆಗೆ 75 ಸಾವಿರ ಮಾತ್ರ. ತವರಲ್ಲಿ ಹೆರಿಗೆ, ಮಗುವಿನ ಖರ್ಚು ಹೇಗೆ ಹೊಂದಿಸುವುದು?

ಪ್ರಶ್ನೆ: ಮಲ್ಲೇಶ್ವರ_ಕ್ರಾಸ್

ನಮಸ್ಕಾರ. ನನ್ನ ಹೆಂಡತಿಗೆ ಈಗ 14 ವಾರ, ಮೊದಲ ಮಗು. ಇಬ್ಬರೂ ಬೆಂಗಳೂರಲ್ಲಿ ಕೆಲಸದಲ್ಲಿದ್ದೇವೆ, ಇಬ್ಬರ ಕಂಪನಿಯಲ್ಲೂ ಗ್ರೂಪ್ ಇನ್ಶೂರೆನ್ಸ್ ಇದೆ. ಹೆಂಡತಿಯ ಪಾಲಿಸಿ 5 ಲಕ್ಷದ್ದು. ಹೆರಿಗೆಗೆ ನಾರ್ಮಲ್ ಆದರೆ 50,000, ಸಿಸೇರಿಯನ್ ಆದರೆ 75,000. ನನ್ನದೂ 5 ಲಕ್ಷ, ಹೆರಿಗೆಗೆ ಯಾವುದಾದರೂ 60,000. ಮದುವೆಯಾದಾಗಲೇ ಅವರ ಹೆಸರನ್ನು ನನ್ನ ಪಾಲಿಸಿಗೂ ಸೇರಿಸಿದ್ದೇನೆ. ಇಲ್ಲಿನ ಆಸ್ಪತ್ರೆಯವರು ಸಿಸೇರಿಯನ್‌ಗೆ 1,60,000 ಅಂದಾಜು ಕೊಟ್ಟಿದ್ದಾರೆ.

ಕೇಳಬೇಕಾದ್ದು ನಾಲ್ಕು. ಈಗ ಬೇರೆ ಪಾಲಿಸಿ ಕೊಂಡರೆ ಈ ಹೆರಿಗೆಗೆ ಸಿಗುತ್ತದೆಯೇ? ಎರಡೂ ಕಂಪನಿಯ ಕವರ್ ಒಟ್ಟಿಗೆ ಬಳಸಬಹುದೇ? ಅತ್ತೆಯವರು ಹೆರಿಗೆ ಶಿವಮೊಗ್ಗದಲ್ಲೇ ಆಗಲಿ ಅನ್ನುತ್ತಿದ್ದಾರೆ, ಅಲ್ಲಿನ ನರ್ಸಿಂಗ್ ಹೋಮ್ ಇನ್ಶೂರೆನ್ಸ್ ಕಂಪನಿ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳ ನೆಟ್‌ವರ್ಕ್ ಪಟ್ಟಿಯಲ್ಲಿಲ್ಲ, ತೊಂದರೆಯಾಗುತ್ತದೆಯೇ? ಕೊನೆಯದು, ಮಗುವನ್ನು ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹಾಕಬೇಕಾಗಿ ಬಂದರೆ ಆ ಬಿಲ್ಲೂ ಇದೇ 75 ಸಾವಿರದೊಳಗೇ ಬರುತ್ತದೆಯೇ?

ಉತ್ತರ 1: ಕ್ಲೇಮು_ಕಡತ

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಸಿಗುವುದಿಲ್ಲ. ನಾವೇ ಕೊಳ್ಳುವ ಪಾಲಿಸಿಗಳಲ್ಲಿ ಹೆರಿಗೆಗೆ ವೇಟಿಂಗ್ ಪೀರಿಯಡ್, ಅಂದರೆ ಕವರ್ ಶುರುವಾಗುವ ಮೊದಲು ಕಾಯಬೇಕಾದ ಅವಧಿ, ಇರುತ್ತದೆ. ಕೆಲವದರಲ್ಲಿ 9 ತಿಂಗಳು, ಹೆಚ್ಚಿನವುಗಳಲ್ಲಿ 2ರಿಂದ 3 ವರ್ಷ. ಹೆರಿಗೆ ಕವರ್ ಇಲ್ಲದ ಪಾಲಿಸಿಗಳಲ್ಲಿ ಅದು ಎಕ್ಸ್‌ಕ್ಲೂಷನ್ (ಹಣ ಕೊಡದೆ ಹೊರಗಿಡುವ ಖರ್ಚುಗಳ) ಕೋಡ್ 18ರ ಅಡಿ ಹೊರಗೇ ಉಳಿಯುತ್ತದೆ. ಗರ್ಭಿಣಿ ಎಂಬುದನ್ನು ಮುಚ್ಚಿಟ್ಟು ಅರ್ಜಿ ತುಂಬಿಸಿಕೊಡುವ ಏಜೆಂಟರಿದ್ದಾರೆ. ಮುಂದೆ ಯಾವ ಕ್ಲೇಮಿಗೆ ಹೋದರೂ ಸ್ಕ್ಯಾನಿಂಗ್ ವರದಿಯ ತಾರೀಖು ನೋಡಿ ಪಾಲಿಸಿಯನ್ನೇ ರದ್ದು ಮಾಡಬಹುದು, ಆ ದಾರಿ ಬೇಡ.

ಕೋಡ್ 18ರಲ್ಲೇ ಒಂದು ವಿನಾಯಿತಿ ಇದೆ, ಬಹಳ ಮಂದಿ ಗಮನಿಸುವುದಿಲ್ಲ. ಗರ್ಭನಾಳದಲ್ಲಿ ಬೆಳೆಯುವ ಎಕ್ಟೋಪಿಕ್ ಗರ್ಭವನ್ನು ಈ ಹೊರಗಿಡುವಿಕೆಯಿಂದ ಬಿಟ್ಟಿದ್ದಾರೆ. ಹೆರಿಗೆ ಕವರ್ ಇಲ್ಲದಿದ್ದರೂ ಅದರ ಶಸ್ತ್ರಚಿಕಿತ್ಸೆಗೆ ಮಾಮೂಲಿ ಕವರ್‌ನಿಂದಲೇ ಕೇಳಬಹುದು. ಹಾಗೆಯೇ ಬಸಿರಿನಲ್ಲಿ ಡೆಂಗಿ ಬಂದು ಅಡ್ಮಿಟ್ ಆದರೆ ಅದು ಡೆಂಗಿ ಕ್ಲೇಮು, ಹೆರಿಗೆಯದಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಡ್ಮಿಟ್ ಆದ ಕಾರಣ ಏನೆಂದು ಬರೆದಿದ್ದಾರೆ ಎಂಬುದರ ಮೇಲೆ ಇದು ನಿಲ್ಲುತ್ತದೆ. ‘ಗರ್ಭಿಣಿ, 20 ವಾರ, ಜ್ವರ’ ಎಂದು ಬರೆದಿದ್ದರೆ ಟಿಪಿಎ (ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮು ನೋಡುವ ಸಂಸ್ಥೆ) ಅದನ್ನು ಹೆರಿಗೆ ಮಿತಿಗೆ ತಳ್ಳಲು ನೋಡುತ್ತದೆ. ರೋಗದ ಹೆಸರು ಮೊದಲು ಬರಲಿ ಎಂದು ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಎರಡನೆಯದಕ್ಕೆ: ಎರಡೂ ಪಾಲಿಸಿಯಲ್ಲಿ ನಿಮ್ಮ ಪತ್ನಿಯ ಹೆಸರಿದ್ದರೆ ಬಳಸಬಹುದು. ಯಾವುದು ಮೊದಲು ಎಂಬುದು ನಿಮ್ಮ ಆಯ್ಕೆ. ಅಂದಾಜು ಲೆಕ್ಕ ಹೀಗೆ. ಬಿಲ್ಲು 1,60,000, ಅದರಲ್ಲಿ ಕೊಡದ ಐಟಂಗಳು 8,000 ಎಂದಿಟ್ಟುಕೊಳ್ಳಿ. ಉಳಿದ 1,52,000ದಲ್ಲಿ ಅವರ ಪಾಲಿಸಿ 75,000 ಕ್ಯಾಶ್‌ಲೆಸ್, ಅಂದರೆ ನೇರವಾಗಿ ಆಸ್ಪತ್ರೆಗೇ, ಕೊಡುತ್ತದೆ. ಬಾಕಿ 77,000ಕ್ಕೆ ನಿಮ್ಮದರಲ್ಲಿ ರೀಇಂಬರ್ಸ್‌ಮೆಂಟ್ (ನೀವು ಕಟ್ಟಿದ ಹಣ ವಾಪಸ್ ಕೇಳುವುದು) ಹಾಕಿದರೆ 60,000 ಬರುತ್ತದೆ. ಕೈಯಿಂದ ಹೋಗುವುದು 17,000, ಜೊತೆಗೆ ಆ 8,000. ಒಟ್ಟು 25,000.

ಕೊಡದ ಐಟಂ ಎಂದರೆ ಡಯಾಪರ್, ಸ್ಯಾನಿಟರಿ ಪ್ಯಾಡ್, ಬೇಬಿ ಫುಡ್, ಅಟೆಂಡರ್ ಊಟ, ಬರ್ತ್ ಸರ್ಟಿಫಿಕೇಟ್ ಶುಲ್ಕದಂಥವು. ಇವುಗಳದ್ದೇ ಒಂದು ಸಿದ್ಧ ಪಟ್ಟಿ ಇದೆ. ಪ್ಯಾಡು, ಡಯಾಪರ್ ಮನೆಯಿಂದಲೇ ಒಯ್ದರೆ ಅಷ್ಟು ಉಳಿಯಿತು.

ರೂಮು ಬಾಡಿಗೆಯ ಮಿತಿಯನ್ನೂ ನೋಡಿಕೊಳ್ಳಿ. ದಿನಕ್ಕೆ 5,000 ಮಿತಿ ಇದ್ದು 8,000ದ ರೂಮು ತೆಗೆದುಕೊಂಡರೆ ಹೆಚ್ಚಿನ 3,000 ಮಾತ್ರ ಕಳೆಯುತ್ತಾರೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಡಾಕ್ಟರ್ ಫೀಸು, ಒಟಿ (ಆಪರೇಷನ್ ಥಿಯೇಟರ್) ಚಾರ್ಜನ್ನೂ ಅದೇ ಅನುಪಾತದಲ್ಲಿ, ಅಂದರೆ ನೂರಕ್ಕೆ 62.5ರಷ್ಟಕ್ಕೆ ಇಳಿಸುತ್ತಾರೆ. ಔಷಧಿ, ಸರ್ಜಿಕಲ್ ಸಾಮಾನು, ಲ್ಯಾಬ್ ಪರೀಕ್ಷೆಗೆ ಈ ಕಡಿತ ಮಾಡುವಂತಿಲ್ಲ. ಹೆರಿಗೆಯಲ್ಲಿ ಒಂದೇ ಪಾಲಿಸಿ ಇದ್ದವರಿಗೆ ಇದು ತಟ್ಟುವುದು ಕಡಿಮೆ. ಕಡಿತವಾದ ಮೇಲೂ ಬಿಲ್ಲು 75,000 ದಾಟಿಯೇ ಇರುತ್ತದಲ್ಲ. ಎರಡನೇ ಪಾಲಿಸಿಗೆ ಹೋದಾಗ ತಟ್ಟುತ್ತದೆ. ಒಪ್ಪುವ ಮೊತ್ತ 1,52,000ದಿಂದ 1,32,000ಕ್ಕೆ ಇಳಿದರೆ ನಿಮ್ಮ ಪಾಲಿಸಿಯಿಂದ 60,000ದ ಬದಲು 57,000 ಬರುತ್ತದೆ.

ಉತ್ತರ 2: ಶಿಶುವಿಭಾಗ_ಬಿಲ್ಲಿಂಗ್

ನಾಲ್ಕನೇ ಪ್ರಶ್ನೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಹೆರಿಗೆಯ ಖರ್ಚು ಎಷ್ಟೇ ಆದರೂ ಮುಂಚೆಯೇ ಅಂದಾಜು ಸಿಗುತ್ತದೆ, ಕೂಡಿಡಬಹುದು. ತಿಂಗಳು ತುಂಬದೆ ಹುಟ್ಟಿದ ಮಗು ಮೂರು ವಾರ ಎನ್‌ಐಸಿಯುನಲ್ಲಿದ್ದರೆ ಬರುವ ಬಿಲ್ಲನ್ನು ಯಾರೂ ಮೊದಲೇ ಹೇಳಲಾರರು. ಇನ್ಶೂರೆನ್ಸ್ ನಿಜಕ್ಕೂ ಬೇಕಾಗುವುದು ಅಲ್ಲಿ.

ಎಚ್‌ಆರ್ ಕೊಡುವ ಎರಡು ಪುಟದ ಸಾರಾಂಶ ಸಾಲದು. ಪಾಲಿಸಿಯ ಪೂರ್ತಿ ಪ್ರತಿ ಕೇಳಿ, ನವಜಾತ ಶಿಶುವಿನ ಸಾಲು ಹುಡುಕಿ. ಮೂರು ಬಗೆಯಲ್ಲಿ ಬರೆದಿರುತ್ತಾರೆ. ‘ಮಗುವಿಗೆ ಮೊದಲ ದಿನದಿಂದಲೇ ಕುಟುಂಬದ ಕವರ್ ಮೊತ್ತದೊಳಗೆ’ ಎಂದಿದ್ದರೆ ನಿಮಗೆ 5 ಲಕ್ಷ ಇದೆ. ‘ಹೆರಿಗೆ ಮಿತಿಯೊಳಗೆ’ ಎಂದಿದ್ದರೆ ಎನ್‌ಐಸಿಯು ಬಿಲ್ಲಿಗೂ ಅದೇ 75,000, ಅದೂ ಸಿಸೇರಿಯನ್‌ಗೇ ಮುಗಿದಿರುತ್ತದೆ. ‘90 ದಿನದ ನಂತರ’ ಎಂದಿದ್ದರೆ ಮೊದಲ ಮೂರು ತಿಂಗಳು ಏನೂ ಇಲ್ಲ. ನಿಮ್ಮ ಬಳಿ ಎರಡು ಪಾಲಿಸಿ ಇರುವುದರಿಂದ ಒಂದರಲ್ಲಾದರೂ ಮೊದಲ ಬಗೆಯದು ಇದ್ದರೆ ನೆಮ್ಮದಿ. ಮಗುವನ್ನು ಸೇರಿಸುವಾಗ ಆ ಪಾಲಿಸಿಯನ್ನು ಮರೆಯಬೇಡಿ.

ಸಾಲು ಸರಿಯಾಗಿದ್ದೂ ಹಣ ಕೈತಪ್ಪುವುದು ಬಿಲ್ಲಿಂಗ್ ಕೌಂಟರಿನಲ್ಲಿ. ಮಗುವನ್ನು ಎನ್‌ಐಸಿಯುಗೆ ಹಾಕಿದ ಕೂಡಲೇ ಅದರ ಹೆಸರಲ್ಲಿ, ಅಂದರೆ ‘ಬೇಬಿ ಆಫ್’ ಎಂದು ತಾಯಿಯ ಹೆಸರು ಹಾಕಿ, ಬೇರೆ ಐಪಿ ನಂಬರ್ (ಒಳರೋಗಿ ಸಂಖ್ಯೆ) ಮಾಡಿಸಬೇಕು. ಮಗುವಿನ ಕಾಯಿಲೆ ನಮೂದಿಸಿದ ಬೇರೆ ಪ್ರೀ-ಆಥರೈಸೇಷನ್ (ಮೊದಲೇ ಒಪ್ಪಿಗೆ ಕೇಳುವ) ಫಾರಂ, ಬೇರೆ ಡಿಸ್ಚಾರ್ಜ್ ಸಮ್ಮರಿ, ಬೇರೆ ಬಿಲ್ಲು. ಇದೆಲ್ಲ ತಾಯಿಯ ಐಪಿ ನಂಬರಿನಲ್ಲೇ ಸೇರಿಹೋದರೆ ಟಿಪಿಎಗೆ ಕಾಣುವುದು ಒಂದೇ ಹೆರಿಗೆ ಬಿಲ್ಲು, ಅದಕ್ಕೆ ಒಂದೇ ಮಿತಿ. ಡಿಸ್ಚಾರ್ಜ್ ಆದ ಮೇಲೆ ಬಿಲ್ಲು ಒಡೆಸುವುದು ಸುಲಭವಲ್ಲ. ಕಾಮಾಲೆಗೆ ಬೆಳಕಿನಡಿ ಇಡುವ ಫೋಟೋಥೆರಪಿಗೂ ಇದೇ ಮಾತು. ತಾಯಿಯ ಪಕ್ಕದಲ್ಲೇ ಒಂದು ದಿನ ಇಟ್ಟರೆ ಅದು ಸಾಮಾನ್ಯವಾಗಿ ಹೆರಿಗೆಯ ಲೆಕ್ಕ. ಬಿಲಿರುಬಿನ್ ಮಟ್ಟ ನೋಡಿ ಮಗುವನ್ನೇ ಅಡ್ಮಿಟ್ ಮಾಡಿದ್ದರೆ ಮಗುವಿನ ಕ್ಲೇಮು.

ಮಗುವನ್ನು ಪಾಲಿಸಿಗೆ ಸೇರಿಸಲು ಹೆಚ್ಚಿನ ಗ್ರೂಪ್ ಪಾಲಿಸಿಗಳು ಹುಟ್ಟಿದ 30 ದಿನ ಕೊಡುತ್ತವೆ. ನಾಮಕರಣಕ್ಕೆ ಕಾಯಬೇಡಿ. ಹೆಸರಿಲ್ಲದೆಯೂ ಸೇರಿಸಬಹುದು, ಹುಟ್ಟಿದ ದಿನ ಮತ್ತು ಲಿಂಗ ಇದ್ದರೆ ಸಾಕು. ಎನ್‌ಐಸಿಯುನಲ್ಲಿದ್ದರೆ ಅದೇ ದಿನ ಎಚ್‌ಆರ್‌ಗೆ ಮೇಲ್ ಹಾಕಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಅದಕ್ಕೂ ಹೆಸರು ಕಡ್ಡಾಯವಲ್ಲ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಆಸ್ಪತ್ರೆ ಹೇಳಿದ 1,60,000ದ ಪ್ಯಾಕೇಜಿನಲ್ಲಿ ಏನೇನಿಲ್ಲ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸುವ ಬೆನ್ನಿನ ಇಂಜೆಕ್ಷನ್), ರಕ್ತ, ಹೆಚ್ಚಿನ ದಿನದ ರೂಮು, ಮಗುವಿನ ಕಿವಿ ಪರೀಕ್ಷೆ, ಹುಟ್ಟಿದಾಗ ಹಾಕುವ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಲಸಿಕೆಗಳು ಎಷ್ಟೋ ಕಡೆ ಹೊರಗಿರುತ್ತವೆ. ಈ ಮೂರೂ ಲಸಿಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು, ಅದೂ ಪ್ಯಾಕೇಜಿನಲ್ಲಿದೆಯೇ ಕೇಳಿ.

ಉತ್ತರ 3: ತುಂಗಾ_ದಂಡೆ

ತವರಲ್ಲಿ ಹೆರಿಗೆ ಮಾಡಿಸಲು ಇನ್ಶೂರೆನ್ಸ್ ಅಡ್ಡಿಯಾಗಬೇಕಿಲ್ಲ. ಕವರ್ ದೇಶದ ಎಲ್ಲ ಕಡೆಗೂ ಒಂದೇ. ನೆಟ್‌ವರ್ಕ್‌ನಲ್ಲಿಲ್ಲ ಎಂದರೆ ಕ್ಯಾಶ್‌ಲೆಸ್ ಸುಲಭವಲ್ಲ ಎಂದಷ್ಟೇ ಅರ್ಥ, ಹಣ ಕಟ್ಟಿ ಆಮೇಲೆ ರೀಇಂಬರ್ಸ್‌ಮೆಂಟ್ ಹಾಕಬಹುದು. 2024ರ ಜನವರಿಯಿಂದ ನೆಟ್‌ವರ್ಕ್‌ನಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದಾದ ‘ಕ್ಯಾಶ್‌ಲೆಸ್ ಎವೆರಿವೇರ್’ ಎಂಬ ವ್ಯವಸ್ಥೆಯೂ ಇದೆ. ಮೊದಲೇ ನಿಗದಿಯಾದ ಅಡ್ಮಿಷನ್‌ಗೆ 48 ಗಂಟೆ ಮುಂಚೆ, ತುರ್ತಿನದಾದರೆ ಅಡ್ಮಿಟ್ ಆದ 48 ಗಂಟೆಯೊಳಗೆ ತಿಳಿಸಬೇಕು. ಆದರೆ ಆಸ್ಪತ್ರೆಯೂ ಒಪ್ಪಬೇಕು. ಸಣ್ಣ ನರ್ಸಿಂಗ್ ಹೋಮಿನವರು ಆ ಗೋಜು ಬೇಡ ಎಂದುಬಿಡುವುದುಂಟು. ಹಣ ಕೈಯಲ್ಲಿಟ್ಟುಕೊಂಡೇ ಹೋಗಿ.

ನೋಡಬೇಕಾದ್ದು ಬೇರೆ ಇದೆ. ಆ ನರ್ಸಿಂಗ್ ಹೋಮ್ ಪಾಲಿಸಿಯ ಪ್ರಕಾರ ‘ಆಸ್ಪತ್ರೆ’ ಹೌದೇ? ಕರ್ನಾಟಕದಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ನೋಂದಣಿ ಇರಬೇಕು. ಆ ಸರ್ಟಿಫಿಕೇಟಿನ ಪ್ರತಿಯನ್ನು ಮೊದಲೇ ಕೇಳಿ ಫೋಟೊ ತೆಗೆದಿಟ್ಟುಕೊಳ್ಳಿ, ಅವಧಿ ಮುಗಿದಿದೆಯೋ ಅದನ್ನೂ ನೋಡಿ. ನೋಂದಣಿ ಇಲ್ಲದಿದ್ದರೆ ಹಾಸಿಗೆಗಳ ಲೆಕ್ಕ ಬರುತ್ತದೆ: 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಲ್ಲಿ ಕನಿಷ್ಠ 10, ದೊಡ್ಡ ಊರಲ್ಲಿ 15. ಜೊತೆಗೆ ಒಟಿ, ದಿನಪೂರ್ತಿ ಡಾಕ್ಟರ್, ನರ್ಸ್. ಕ್ಲೇಮಿಗೆ ಬಿಳಿ ಚೀಟಿಯಲ್ಲಿ ಬರೆದುಕೊಟ್ಟ ಮೊತ್ತ ನಡೆಯುವುದಿಲ್ಲ. ನಂಬರ್ ಇರುವ ಬಿಲ್ಲು, ಒಂದೊಂದು ಐಟಂ ಬಿಡಿಸಿದ ಪಟ್ಟಿ, ಹಣ ಕಟ್ಟಿದ ರಶೀದಿ ಮೂರೂ ಬೇಕು.

ಎನ್‌ಐಸಿಯು ಆ ನರ್ಸಿಂಗ್ ಹೋಮಿನಲ್ಲಿದೆಯೇ, ಇಲ್ಲದಿದ್ದರೆ ಮಗುವನ್ನು ಎಲ್ಲಿಗೆ ಕಳಿಸುತ್ತಾರೆ ಎಂದು ಈಗಲೇ ಕೇಳಿ. ಹಾಗೆ ಕಳಿಸಿದರೆ ಮಗುವಿಗೆ ತಾನಾಗಿಯೇ ಬೇರೆ ಐಪಿ ನಂಬರ್ ಆಗುತ್ತದೆ, ಮೇಲಿನವರು ಹೇಳಿದ ತಲೆನೋವು ಇರುವುದಿಲ್ಲ. ಆದರೆ ರೆಫರಲ್ ಪತ್ರ ಕಡ್ಡಾಯವಾಗಿ ಬರೆಸಿಕೊಳ್ಳಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಸರ್ಕಾರಿ ಬೋಧನಾ ಆಸ್ಪತ್ರೆಯೂ ಇದೆ ಎಂಬುದು ನೆನಪಿರಲಿ.

ಇನ್ನೊಂದು, ಖಾಸಗಿಯಲ್ಲಿ ತೋರಿಸಿದರೂ ತಾಯಿ ಕಾರ್ಡ್ ಮಾಡಿಸಿ. ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ. ರಾತ್ರೋರಾತ್ರಿ ಸರ್ಕಾರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ರಕ್ತದ ಗುಂಪು, ಪರೀಕ್ಷೆಗಳ ವಿವರ ಅದರಲ್ಲೇ ಸಿಗುತ್ತವೆ.

ಮಲ್ಲೇಶ್ವರ_ಕ್ರಾಸ್

ಮೂವರಿಗೂ ಧನ್ಯವಾದ. ಪಾಲಿಸಿ ಪ್ರತಿ ತರಿಸಿ ನೋಡಿದೆ. ಹೆಂಡತಿಯದರಲ್ಲಿ ಮಗು ‘ಹೆರಿಗೆ ಮಿತಿಯೊಳಗೆ’, ನನ್ನದರಲ್ಲಿ ಮೊದಲ ದಿನದಿಂದ ಪೂರ್ತಿ 5 ಲಕ್ಷ. ಇನ್ನೊಂದು ವಿಷಯ: ಅವರಿಗೆ ಬೇರೆ ಕಂಪನಿಯಿಂದ ಆಫರ್ ಬಂದಿದೆ, ಸೇರುವುದಾದರೆ 24ನೇ ವಾರದ ಹೊತ್ತಿಗೆ. ಅಲ್ಲಿ ಹೆರಿಗೆಗೆ 1 ಲಕ್ಷ ಇದೆಯಂತೆ.

ಉತ್ತರ 4: ಕ್ಲೇಮು_ಕಡತ

ಹಾಗಾದರೆ ಮಗುವಿನ ಕ್ಲೇಮು ನೇರವಾಗಿ ನಿಮ್ಮ ಪಾಲಿಸಿಯಿಂದಲೇ ಮಾಡಿ, ಅವರದನ್ನು ಮುಟ್ಟಬೇಡಿ.

ಆಫರ್ ವಿಷಯದಲ್ಲಿ ಇನ್ಶೂರೆನ್ಸ್‌ಗಿಂತ ರಜೆಯ ಲೆಕ್ಕ ಮುಖ್ಯ. ಸಂಬಳ ಸಹಿತ 26 ವಾರದ ಹೆರಿಗೆ ರಜೆಗೆ ಅದೇ ಕಂಪನಿಯಲ್ಲಿ, ಹೆರಿಗೆಯ ನಿರೀಕ್ಷಿತ ದಿನಕ್ಕಿಂತ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. 24ನೇ ವಾರಕ್ಕೆ ಸೇರಿದರೆ 40ಕ್ಕೆ ಉಳಿಯುವುದು 16 ವಾರ. ವಾರಕ್ಕೆ 5 ದಿನದಂತೆ ಸರಿಯಾಗಿ 80. ಸಂಬಳದ ರಜಾದಿನಗಳು ಲೆಕ್ಕಕ್ಕೆ ಬರುತ್ತವೆ, ಆದರೂ ಕೊನೆಯ ವಾರಗಳಲ್ಲಿ ತವರಿಗೆ ಹೋಗಬೇಕಾದವರಿಗೆ ಇದು ತೀರಾ ಬಿಗಿ. ಹೆರಿಗೆ ಮಿತಿಯಲ್ಲಿ ಹೆಚ್ಚಾಗುವುದು 25,000, ಕಳೆದುಕೊಳ್ಳಬಹುದಾದ್ದು ಆರು ತಿಂಗಳ ಸಂಬಳ. ಹೋಗುವುದೇ ಆದರೆ ಆಫರ್ ಲೆಟರ್ ಜೊತೆ ರಜೆಯ ಖಾತರಿಯನ್ನೂ ಬರಹದಲ್ಲಿ ಪಡೆಯಿರಿ. ಹೊಸ ಪಾಲಿಸಿಯಲ್ಲಿ 9 ತಿಂಗಳ ವೇಟಿಂಗ್ ತೆಗೆದಿದ್ದಾರೆಯೇ ಎಂದೂ ಕೇಳಿ, ಎಲ್ಲ ಗ್ರೂಪ್ ಪಾಲಿಸಿಯಲ್ಲೂ ತೆಗೆದಿರುವುದಿಲ್ಲ. ಹಳೇ ಕಂಪನಿಯ ಕವರ್ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ.

ಡಿಸ್ಚಾರ್ಜ್ ದಿನ ಗಡಿಯಾರ ನೋಡಿಕೊಳ್ಳಿ. ಇನ್ಶೂರೆನ್ಸ್ ನಿಯಂತ್ರಕ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯಲ್ಲಿ, ಡಿಸ್ಚಾರ್ಜ್ ಕೋರಿಕೆಗೆ 3 ಗಂಟೆಯಲ್ಲಿ ಉತ್ತರ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿನ ರೂಮು ಬಾಡಿಗೆ ಹಾಕಿದರೆ ಅದನ್ನು ಇನ್ಶೂರೆನ್ಸ್ ಕಂಪನಿ ಹೊರಬೇಕು. ಆ 3 ಗಂಟೆ ಶುರುವಾಗುವುದು ಆಸ್ಪತ್ರೆ ಕೋರಿಕೆ ಕಳಿಸಿದ ಮೇಲೆ. ಬೆಳಗ್ಗೆ ಡಾಕ್ಟರ್ ‘ಮನೆಗೆ ಹೋಗಬಹುದು’ ಎಂದರೂ ಬಿಲ್ಲು ಟಿಪಿಎಗೆ ಹೋಗುವುದು ಎಷ್ಟೋ ಸಲ ಮಧ್ಯಾಹ್ನ. ಕಳಿಸಿದ ಸಮಯವನ್ನು ಇನ್ಶೂರೆನ್ಸ್ ಡೆಸ್ಕಿನಿಂದ ಕೇಳಿ ಬರೆದಿಟ್ಟುಕೊಳ್ಳಿ.

ಎರಡನೇ ಕ್ಲೇಮಿಗೆ ಅಸಲು ಬಿಲ್ಲು ನಿಮ್ಮ ಕೈಯಲ್ಲಿರುವುದಿಲ್ಲ, ಕ್ಯಾಶ್‌ಲೆಸ್ ಆದಾಗ ಅದು ಮೊದಲ ಟಿಪಿಎಗೆ ಹೋಗುತ್ತದೆ. ಆಸ್ಪತ್ರೆ ಬಿಡುವ ಮೊದಲೇ ಫೈನಲ್ ಬಿಲ್ಲು, ಐಟಂ ಪಟ್ಟಿ, ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ವರದಿಗಳ ಪ್ರತಿಗೆ ಆಸ್ಪತ್ರೆಯ ಸೀಲು ಹಾಕಿಸಿ, ನೀವು ಕಟ್ಟಿದ ಬಾಕಿಗೆ ಪ್ರತ್ಯೇಕ ರಶೀದಿ ತೆಗೆದುಕೊಳ್ಳಿ. ಮೊದಲ ಕಂಪನಿಯಿಂದ ಸೆಟ್ಲ್‌ಮೆಂಟ್ ಲೆಟರ್ ಬಂದ ಮೇಲೆ ಅದನ್ನೂ, ಜೊತೆಗೆ ರದ್ದು ಮಾಡಿದ ಒಂದು ಚೆಕ್ಕನ್ನೂ ಲಗತ್ತಿಸಿ ನಿಮ್ಮ ಟಿಪಿಎಗೆ ಕಳಿಸಿ. ರೀಇಂಬರ್ಸ್‌ಮೆಂಟ್‌ಗೆ ಪಾಲಿಸಿಯಲ್ಲಿ 15 ಅಥವಾ 30 ದಿನದ ಗಡುವು ಇರಬಹುದು, ಸೆಟ್ಲ್‌ಮೆಂಟ್ ಲೆಟರ್ ಅಷ್ಟರಲ್ಲಿ ಬರದೇ ಹೋಗಬಹುದು. ಹಾಗಾಗಿ ಅಡ್ಮಿಟ್ ಆದ ದಿನವೇ ಎರಡೂ ಕಡೆ ಕ್ಲೇಮು ಇಂಟಿಮೇಷನ್ (ಕ್ಲೇಮು ಮಾಡಲಿದ್ದೇವೆ ಎಂಬ ಸೂಚನೆ) ಹಾಕಿ ನಂಬರ್ ಪಡೆದಿಡಿ.