ಕುಟುಂಬದ ಗುಂಪಿಗೆ ಬಂದ ಲಿವರ್ ಜ್ಯೂಸ್

ವೆಂಕಟೇಶ ಮಾವ: (ಫಾರ್ವರ್ಡ್) ಲಿವರ್ ದೊಡ್ಡದಾಗಿದೆಯಾ? ಭಯ ಬೇಡ! ಮದ್ಯ ಮುಟ್ಟದವರಿಗೆ ಲಿವರ್ ಕಾಯಿಲೆ ಬರುವುದೇ ಇಲ್ಲ. ಬಂದರೆ ಹೊಟ್ಟೆನೋವು ತಕ್ಷಣ ಹೇಳುತ್ತದೆ. ದಿನಕ್ಕೆ 2 ಲೀಟರ್ ಹಸಿರು ಜ್ಯೂಸ್, 7 ದಿನ. ಲಿವರ್ ಪೂರ್ತಿ ಕ್ಲೀನ್! ಎಲ್ಲರಿಗೂ ಕಳಿಸಿ 🙏

ಪದ್ಮಾ ಚಿಕ್ಕಮ್ಮ: ಒಳ್ಳೆ ವಿಷಯ ಹಾಕಿದಿರಿ. ನಮ್ಮ ಗಿರೀಶನ ಸ್ಕ್ಯಾನ್‌ನಲ್ಲೂ ಲಿವರ್ ದೊಡ್ಡದು ಅಂತ ಬಂದಿದೆ. ನಾಳೆಯಿಂದಲೇ ಕುಡಿಸುತ್ತೇನೆ.

ಸುಮಾ: ಚಿಕ್ಕಮ್ಮ, ಸ್ವಲ್ಪ ತಡೀರಿ. ಮಾವ, ಬೇಜಾರು ಮಾಡ್ಕೋಬೇಡಿ, ಇದರಲ್ಲಿ ಒಂದು ಸಾಲೂ ನೆಟ್ಟಗಿಲ್ಲ.

ವೆಂಕಟೇಶ ಮಾವ: ನರ್ಸ್ ಕೆಲಸಕ್ಕೆ ಸೇರಿ ಎಷ್ಟು ವರ್ಷ ಆಯಿತಮ್ಮ ನಿನಗೆ? ನನ್ನ ಸ್ನೇಹಿತರಿಗೆ ಇದರಿಂದಲೇ ವಾಸಿಯಾಗಿದೆ.

ಗಿರೀಶ: ಮಾವ, ನಾನು ಒಂದು ಹನಿ ಕುಡಿದವನಲ್ಲ. ನೋವೂ ಇಲ್ಲ. ಆದರೂ ರಿಪೋರ್ಟ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’, ಅಂದರೆ ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಸೇರಿದೆ ಅಂತಿದೆ. ಆಫೀಸಿನ ಚೆಕಪ್ ಅಂತ ಹೋಗಿರದಿದ್ದರೆ ಗೊತ್ತೇ ಆಗ್ತಿರಲಿಲ್ಲ.

ಸುಮಾ: ನೋಡಿ, ಮೊದಲೆರಡು ಸಾಲು ಅಲ್ಲಿಗೇ ಬಿದ್ದುಹೋಯಿತು. ಲಿವರ್ ಒಳಗೆ ನೋವು ಗೊತ್ತಾಗುವ ನರಗಳೇ ಇಲ್ಲ. ಅದರ ಮೇಲಿನ ತೆಳು ಹೊದಿಕೆಗೆ ಮಾತ್ರ ಇವೆ. ಲಿವರ್ ಬೇಗ ಊದಿದರೆ ಆ ಹೊದಿಕೆ ಬಿಗಿಯುತ್ತದೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋಯುತ್ತದೆ. ನಿಧಾನಕ್ಕೆ ಬೆಳೆದರೆ ಎಷ್ಟೋ ಜನರಿಗೆ ಏನೂ ಅನ್ನಿಸುವುದಿಲ್ಲ. ಕೆಲವರಿಗೆ ಸುಸ್ತು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ. ಅಷ್ಟೇ.

ಸುಮಾ: ಇನ್ನು ಕಾರಣ. ಮದ್ಯ ಒಂದು, ಸರಿ. ಸೊಂಟದ ಸುತ್ತ ಬೊಜ್ಜು, ಶುಗರ್ ಇದ್ದರೂ ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ. ಹೆಪಟೈಟಿಸ್ ವೈರಸ್, ಮಲೇರಿಯಾ, ಅಮೀಬಾದಿಂದ ಆಗುವ ಕೀವುಗಡ್ಡೆ, ರಕ್ತದ ಕ್ಯಾನ್ಸರ್, ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್, ಕಬ್ಬಿಣ ಇಲ್ಲವೇ ತಾಮ್ರ ಮೈಯಲ್ಲಿ ತುಂಬಿಕೊಳ್ಳುವ ಹುಟ್ಟುಕಾಯಿಲೆ, ಕೆಲವು ಮಾತ್ರೆ. ಇಷ್ಟಕ್ಕೂ ಒಂದೇ ಜ್ಯೂಸಾ ಮಾವ?

ವೆಂಕಟೇಶ ಮಾವ: ಡಾಕ್ಟರ್‌ಗಳು ಮಾಡುವುದೇನು? ಹೊಟ್ಟೆ ಒತ್ತಿ ನೋಡಿ ಫೀಸು ತಗೊಳ್ಳುತ್ತಾರೆ.

ಸುಮಾ: ಆ ಒತ್ತುವುದರಲ್ಲೇ ಎಷ್ಟೋ ತಿಳಿಯುತ್ತದೆ. ಹೊಟ್ಟೆಯ ಬಲಭಾಗದಲ್ಲಿ ಕೆಳಗಿನಿಂದ ಬೆರಳು ಇಡುತ್ತಾ ಮೇಲಕ್ಕೆ ಬರುತ್ತಾರೆ. ಉಸಿರು ಎಳೆದುಕೊಳ್ಳಿ ಅನ್ನುತ್ತಾರೆ. ಎಳೆದಾಗ ಲಿವರ್ ಕೆಳಗೆ ಇಳಿಯುತ್ತದೆ, ದೊಡ್ಡದಾಗಿದ್ದರೆ ಅಂಚು ಬೆರಳಿಗೆ ಬಂದು ತಾಗುತ್ತದೆ. ಅಂಚು ನುಣುಪಾಗಿದೆಯಾ, ಗಂಟು ಗಂಟಾಗಿ ಗಟ್ಟಿಯಾಗಿದೆಯಾ, ಮುಟ್ಟಿದರೆ ರೋಗಿ ಮುಖ ಕಿವಿಚುತ್ತಾರಾ, ಎಲ್ಲ ನೋಡುತ್ತಾರೆ. ಆಮೇಲೆ ರಕ್ತ ಪರೀಕ್ಷೆ, ಸ್ಕ್ಯಾನ್. ಲಿವರ್ ದೊಡ್ಡದಾಗುವುದು ಒಂದು ಸುಳಿವು ಅಷ್ಟೇ. ಯಾಕೆ ಆಯಿತು ಅಂತ ಹುಡುಕಬೇಕು.

ರಘು: ನನ್ನದು ನಾರ್ಮಲ್ ಸೈಜ್ ಅಂತ ಬಂದಿದೆ. ನಾನು ಪಾರು 😎

ಸುಮಾ: ನೀನು ಅದನ್ನು ಹೇಳಲೇಬೇಡ. ವರ್ಷಗಟ್ಟಲೆ ಕುಡಿದು ಸಿರೋಸಿಸ್ ಆದರೆ, ಅಂದರೆ ಲಿವರ್ ತುಂಬ ಗಾಯದ ಕಲೆಯಾಗಿ ಗಟ್ಟಿಯಾದರೆ, ಅದು ಕೊನೆಗೆ ಸುಕ್ಕುಗಟ್ಟಿ ಚಿಕ್ಕದೂ ಆಗುತ್ತದೆ. ಸೈಜ್ ನೋಡಿ ಸಮಾಧಾನ ಪಡಬೇಡ, ಶನಿವಾರದ ಕಾರ್ಯಕ್ರಮ ನಿಲ್ಲಿಸು.

ರಘು: ಅದನ್ನ ಗುಂಪಿನಲ್ಲೇ ಹೇಳ್ಬೇಕಿತ್ತಾ

ಪದ್ಮಾ ಚಿಕ್ಕಮ್ಮ: ಯಾವ ಕಾರ್ಯಕ್ರಮ?

ವೆಂಕಟೇಶ ಮಾವ: ವಿಷಯ ಬದಲಿಸಬೇಡಿ. ಗಿರೀಶ ಜ್ಯೂಸ್ ಕುಡಿದರೆ ನಷ್ಟ ಏನು? ಅದನ್ನು ಹೇಳಲಿ.

ಸುಮಾ: ಹಣ್ಣು ಹಾಕಿ ಸೋಸಿದ್ದಾದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಅವನ ಲಿವರ್‌ಗೆ ಬೇಡದ್ದೇ ಅದು. ‘ಲಿವರ್ ಕ್ಲೀನ್’ ಅಂತ ಮಾರುವ ಕ್ಯಾಪ್ಸೂಲ್ ಇನ್ನೂ ಅಪಾಯ. ಗ್ರೀನ್ ಟೀಯ ಸಾರ ತುಂಬಿದ ಕ್ಯಾಪ್ಸೂಲ್‌ನಿಂದಲೇ ಕೆಲವರ ಲಿವರ್ ಕೆಟ್ಟಿದೆ. ಗಿರೀಶ, ನಿನ್ನ ತೂಕ 84 ಅಲ್ವಾ? ಶೇಕಡಾ 5 ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. 7ರಿಂದ 10 ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಅಂದರೆ ಆರರಿಂದ ಎಂಟು ಕಿಲೋ. ನಿಧಾನಕ್ಕೆ ಇಳಿಸು, ಉಪವಾಸ ಬೀಳಬೇಡ.

ಗಿರೀಶ: ಜ್ಯೂಸೇ ಸುಲಭ ಇತ್ತು 😐

ದೊಡ್ಡಪ್ಪ: ಸುಮಾ, ನನಗೂ ಹೋದ ತಿಂಗಳು ಲಿವರ್ ಊದಿದೆ ಅಂದಿದ್ದರು. ಮತ್ತೆ ಬನ್ನಿ ಅಂದರು, ನಾನು ಹೋಗಲಿಲ್ಲ. ಈ ಜ್ಯೂಸ್ ಮೂರು ದಿನದಿಂದ ಕುಡಿಯುತ್ತಿದ್ದೇನೆ. ವೆಂಕಟೇಶ ನನಗೆ ಮೊದಲೇ ಕಳಿಸಿದ್ದ.

ಸುಮಾ: ದೊಡ್ಡಪ್ಪ, ಸಂಜೆ ಕಾಲು ಊದುತ್ತಾ? ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಾ?

ದೊಡ್ಡಪ್ಪ: ಹೌದು. ಚಪ್ಪಲಿ ಬಿಗಿ ಆಗಿದೆ.

ಸುಮಾ: ಅಂಗಾತ ಮಲಗಿದರೆ ಉಸಿರು ಕಟ್ಟುತ್ತಾ?

ದೊಡ್ಡಪ್ಪ: ಮೂರು ದಿಂಬು ಇಟ್ಟುಕೊಳ್ಳುತ್ತೇನೆ. ವಯಸ್ಸಾಯಿತು ಅಂದುಕೊಂಡೆ.

ಸುಮಾ: ಜ್ಯೂಸ್ ಈಗಲೇ ನಿಲ್ಲಿಸಿ. ಇದು ಹೃದಯದ್ದಿರಬಹುದು. ಹೃದಯದ ಬಲಭಾಗ ಸೋತರೆ ಲಿವರ್‌ನಿಂದ ಮೇಲೆ ಹೋಗಬೇಕಾದ ರಕ್ತ ಅಲ್ಲೇ ನಿಂತು ಲಿವರ್ ಊದುತ್ತದೆ. ಅಂಥವರಿಗೆ ಎಷ್ಟೋ ಸಲ ನೀರನ್ನೇ ಅಳತೆ ಮಾಡಿ ಕುಡಿಯಿರಿ ಅನ್ನುತ್ತಾರೆ, ನೀವು 2 ಲೀಟರ್ ಜಾಸ್ತಿ ಕುಡಿದಿದ್ದೀರಿ. ಇವತ್ತೇ ಆಸ್ಪತ್ರೆಗೆ ಹೋಗಿ. ಇಸಿಜಿ ಮತ್ತೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುತ್ತಾರೆ.

ಪದ್ಮಾ ಚಿಕ್ಕಮ್ಮ: ಅಯ್ಯೋ ಭಾವ, ಇಷ್ಟು ದಿನ ಯಾಕೆ ಸುಮ್ನಿದ್ದಿರಿ?

ಸುಮಾ: ಚಿಕ್ಕಮ್ಮ, ಇದನ್ನೂ ನೆನಪಿಟ್ಟುಕೊಳ್ಳಿ. ಕಣ್ಣು ಹಳದಿಯಾದರೆ, ಹೊಟ್ಟೆಯಲ್ಲಿ ನೀರು ತುಂಬಿದರೆ, ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಮಾತು ತೊದಲಿ ಗೊಂದಲ ಶುರುವಾದರೆ ಯಾರೂ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ಸೀದಾ ಆಸ್ಪತ್ರೆ.

ರಘು: ದೊಡ್ಡಪ್ಪ, ಕಾರು ತೆಗೆದೆ. ರಿಪೋರ್ಟ್, ಮಾತ್ರೆ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ.

ವೆಂಕಟೇಶ ಮಾವ: ದಾರಿಯಲ್ಲಿ ನನ್ನನ್ನೂ ಹತ್ತಿಸಿಕೋ ರಘು. ಜ್ಯೂಸ್ ವಿಷಯ ಆಮೇಲೆ ಮಾತಾಡೋಣ ಸುಮಾ, ನಾನೇನು ಒಪ್ಪಿಕೊಂಡಿಲ್ಲ.